ತೊಳೆಯಬಾರದ ಕಲ್ಲು

ನನ್ನ ಗಂಡ ಹಬೀಬುಲ್ಲಾ ಗುಂಡ್ಲುಪೇಟೆಯಲ್ಲಿ ಗಾಜಿನ ಅಂಗಡಿ ಇಟ್ಟಿದ್ದರು. ಕಿಟಕಿಗೆ, ಫೋಟೋಗೆ, ಷೋಕೇಸಿಗೆ ಗಾಜು ಕತ್ತರಿಸಿ ಕೊಡುವ ಕೆಲಸ. ಊರಿಗೆಲ್ಲ ಅಳತೆ ತಪ್ಪದೆ ಕತ್ತರಿಸುತ್ತಿದ್ದ ಮನುಷ್ಯ, ನಮ್ಮ ಅಡುಗೆಮನೆ ಕಿಟಕಿಯ ಒಡೆದ ಗಾಜಿಗೆ ಮಾತ್ರ ರಟ್ಟು ಅಂಟಿಸಿಟ್ಟಿದ್ದರು. ಗೊಣಗಿದರೆ ನಾಳೆ ಎನ್ನುತ್ತಿದ್ದರು. ಆ ರಟ್ಟು ಈಗಲೂ ಅಲ್ಲೇ ಇದೆ.

ಸಮುದ್ರದ ವಿಷಯವೂ ಹಾಗೇ. ಕ್ಯಾಲಿಕಟ್ ಬಸ್ಸುಗಳೆಲ್ಲ ನಮ್ಮೂರ ಮೇಲೇ ಹೋಗುತ್ತವೆ. ಬೆಳಿಗ್ಗೆ ಹತ್ತಿ ಕೂತರೆ ಮಧ್ಯಾಹ್ನದ ಊಟ ಸಮುದ್ರದ ದಡದಲ್ಲಿ ಮಾಡಬಹುದು. ಮದುವೆಯಾದಾಗಿನಿಂದ ತೋರಿಸ್ತೀನಿ, ತೋರಿಸ್ತೀನಿ ಎನ್ನುತ್ತಲೇ ಇದ್ದರು. ನಾನು ಕೇಳುವುದನ್ನೇ ಬಿಟ್ಟು ಎಷ್ಟೋ ವರ್ಷವಾದ ಮೇಲೆ ಒಂದು ದಿನ ಆಟೋದಿಂದ ದೊಡ್ಡ ಗಾಜಿನ ತೊಟ್ಟಿ ಇಳಿಸಿದರು. ನಡುಮನೆಯ ಟಿವಿಯನ್ನು ಮೂಲೆಗೆ ತಳ್ಳಿ ಆ ಜಾಗದಲ್ಲಿ ಅದನ್ನು ಕೂರಿಸಿದರು.

"ಸಮುದ್ರಾನೇ ಮನೆಗೆ ಬರುತ್ತೆ ವಾಜಿದಾ" ಎಂದರು.

"ಒಂದು ಬಸ್ಸು ಹತ್ತೋಕೆ ಸೋಮಾರಿತನ ಅಂತ ಇಷ್ಟೆಲ್ಲ ಮಾಡಬೇಕಿತ್ತಾ" ಎಂದೆ. ನಕ್ಕರು. ನನಗೇನೂ ನಗು ಬಂದಿರಲಿಲ್ಲ.

ಉಪ್ಪುನೀರಿನ ಮೀನು ಸಾಕುವುದೆಂದರೆ ಅಡುಗೆಮನೆಯ ಕಲ್ಲುಪ್ಪು ಕರಗಿಸಿದರೆ ಆಯಿತು ಎಂದು ಅವರು ತಿಳಿದಿದ್ದರು. ಚಾಮರಾಜನಗರದಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿರುವ ಮಾದೇಶ್ ಇವರನ್ನು ತಡೆದು, ಸರಿಯಾದ ಉಪ್ಪು ಕೊಟ್ಟ. ಆಮೇಲೆ ಶುರುವಾಯಿತು ಫಿಲ್ಟರಿನ ಜಗಳ. ಅದೂ ಯಾವ ಫಿಲ್ಟರು? ಕಸ ಸೋಸುವುದಲ್ಲ, ಬಯಾಲಾಜಿಕಲ್ ಫಿಲ್ಟರು. ಮಾದೇಶ್ ಒಂದು ಹೇಳಿದರೆ ಇವರು ಇನ್ನೊಂದು. ಊಟಕ್ಕೆ ಕೂತರೂ ಫೋನಿನಲ್ಲಿ ಅದೇ ಮಾತು, ಅನ್ನ ಆರಿ ತಣ್ಣಗಾಗುತ್ತಿತ್ತು. ಆ ಜಗಳ ಮುಗಿಯುವ ಮೊದಲೇ, ಅಂಗಡಿಯಲ್ಲಿ ಗಾಜು ಕತ್ತರಿಸುತ್ತ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು. ಮತ್ತೆ ಏಳಲಿಲ್ಲ.

ನಾನು ಅಳಲಿಲ್ಲ. ಅಳು ತಡೆದುಕೊಂಡೆ ಎಂದಲ್ಲ, ಬರಲೇ ಇಲ್ಲ. ಗಂಡ ಸತ್ತ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಡತಿ ಮನೆಯೊಳಗೇ ಇರಬೇಕು, ಹೊರಗಿನ ಗಂಡಸರಿಗೆ ಮುಖ ತೋರಿಸಬಾರದು. ಅದಕ್ಕೆ ಇದ್ದತ್ ಎನ್ನುತ್ತಾರೆ. ನನ್ನ ಜೊತೆಗಿರಲು ನಾದಿನಿ ನಾಜ್ನೀನ್ ಬಂದಳು. ನೋಡಲು ಬಂದ ಹೆಂಗಸರು ನನ್ನ ಒಣಗಿದ ಕಣ್ಣು ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಕಲ್ಲೆದೆಯವಳು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ನನಗೆ ಅವರ ಮೇಲೆ ಸಿಟ್ಟೂ ಬರಲಿಲ್ಲ.

ನಾಜ್ನೀನ್ ಒಳ್ಳೆಯವಳು. ಆದರೆ ದುಃಖ ಬಂದರೆ ಅವಳ ಕೈ ಸುಮ್ಮನಿರದು, ಏನಾದರೂ ತೊಳೆಯುತ್ತಲೇ ಇರಬೇಕು. ಅಣ್ಣನ ಹಾಸಿಗೆ ತೊಳೆದಳು, ದಿಂಬಿನ ಕವರು ತೊಳೆದಳು. ಬಟ್ಟೆಗಳನ್ನು ಬಡವರಿಗೆ ಕೊಡುವಾಗ ನನ್ನ ಮುಂದೆ ಒಂದೊಂದಾಗಿ ಹಿಡಿದು "ಕೊಡಲಾ ಭಾಭಿ?" ಎಂದಳು. ಎಲ್ಲದಕ್ಕೂ ಒಂದೇ ದನಿಯಲ್ಲಿ ಕೊಡು ಎಂದೆ. ಬಾಗಿಲ ಹಿಂದಿನ ಮೊಳೆಗೆ ತಗುಲಿಸಿದ್ದ ಅಂಗಿಯೊಂದು ಉಳಿದಿತ್ತು. ಒಂದು ಬೆಳಿಗ್ಗೆ ನೋಡಿದರೆ ಅದೂ ಹಿತ್ತಲ ತಂತಿಯ ಮೇಲೆ ನೀರು ಸುರಿಸುತ್ತ ನೇತಾಡುತ್ತಿತ್ತು. ನೋಡಿದೆ, ಒಳಗೆ ಬಂದೆ, ಏನೂ ಅನ್ನಿಸಲಿಲ್ಲ.

ತೊಟ್ಟಿ ಮಾತ್ರ ಬರಿದಾಗಿ ನಿಂತಿತ್ತು. ಅದನ್ನು ತೆಗೆಸಿಬಿಡಿ ಎಂದರು ಬಂದವರೆಲ್ಲ. ನಡುಮನೆಯಲ್ಲಿ ಬೇರೆ ನೋಡುವುದಕ್ಕೇನಿತ್ತು? ಮಾದೇಶನಿಗೆ ಫೋನು ಮಾಡಿ, ನಮ್ಮವರು ಬಯಸಿದ್ದನ್ನು ಮಾಡಿಕೊಡಿ ಎಂದೆ. ಅವನು ಬಂದು ಜಗಲಿಯ ಮೇಲೆ ಕೂತ. ನಡುವೆ ಪರದೆ. ಅತ್ತ ಅವನ ಚಪ್ಪಲಿ ಬಿಟ್ಟ ಕಾಲಿನ ಬೆರಳು ಕಾಣುತ್ತಿದ್ದವು, ಇತ್ತ ನಾನು.

"ನೋಡಕ್ಕ, ಮೀನು ಉಣ್ಣಾದೂ ಅಲ್ಲೇ, ಹೊಲ್ಸು ಮಾಡಾದೂ ಅಲ್ಲೇ. ಆ ಹೊಲ್ಸು ವಿಷ ಆಯ್ತದ. ಅದ ತಿನ್ನಕೆ ಒಂದು ಜಾತಿ ಹುಳ ಅವೆ, ಕಣ್ಗೆ ಕಾಣಲ್ಲ. ಅವುಕ್ಕೆ ಇರಕ್ಕೊಂದು ಮನೆ ಬೇಕು. ಈ ಫಿಲ್ಟ್ರು ಅಂದ್ರ ಅಷ್ಟೇ ಕಣಕ್ಕ, ಹುಳದ ಮನೆ."

"ಜಗಳ ಯಾವುದಕ್ಕೆ ಆಡ್ತಿದ್ರಿ ಹಾಗಾದರೆ?"

"ಮನೆ ಯಾವ್ದು ಅನ್ನದ್ಕೆ. ನಾನು ಪ್ಲಾಸ್ಟಿಕ್ ಗುಂಡು ತುಂಬಿದ ಡಬ್ಬ ಇಕ್ಕಣ ಅಂದಿ. ಮ್ಯಾಲಿಂದ ನೀರು ಸುರೀತಾ ಇರ್ತದ, ಕೆಲ್ಸ ಚೆನ್ನಾಗಿ ಮಾಡ್ತದ, ಆದ್ರ ಕರೆಂಟ್ ಓದ್ರ ಹುಳ ಒಣಗ್ತವ. ಅಣ್ಣ ತೂತು ತೂತು ಕಲ್ಲೇ ಬೇಕು ಅಂದ್ರು. ಕಲ್ಲು ತೊಟ್ಟಿ ಒಳಗೇ ಇರ್ತದ, ಹುಳ ಒಂದ್ಸತಿ ಸೇರ್ಕಂಡ್ರ ತಂಟೆ ಇಲ್ಲ. ಆದ್ರ ಸೇರ್ಕೊಳಗಂಟ ತಿಂಗಳುಗಟ್ಲೆ ಕಾಯ್ಬೇಕು." ಅವನೇ ಮುಂದುವರಿಸಿದ, "ಇನ್ನೊಂದದ. ಅಣ್ಣ ಈರುಳ್ಳಿ ಚೀಲ್ದಲ್ಲಿ ವಸಿ ಕಲ್ಲು ಕಟ್ಟಿ ನಮ್ಮಂಗ್ಡಿ ತೊಟ್ಟೀಲಿ ನೆನೆಯಾಕಿದ್ರು. ಅದ್ಕ ಆಗ್ಲೇ ಹುಳ ಹತ್ತದ. ಅದ ತಂದು ಬುಟ್ರ ಜಲ್ದಿ ಆಯ್ತದ."

ಬಾಯಿಗೆ ರೂಢಿಯಾಗಿದ್ದ ದನಿಯಲ್ಲೇ "ಅದು ಅಲ್ಲೇ ಇರಲಿ ಬಿಡಿ" ಎಂದೆ. "ಒಣಕಲ್ಲೇ ಹಾಕಿ. ನನಗೇನು ಅವಸರ? ಕಾಯೋದು ಬಿಟ್ಟರೆ ಬೇರೆ ಕೆಲಸ ಇಲ್ಲ."

ಹೀಗೆ ಫಿಲ್ಟರಿನ ತೀರ್ಮಾನವಾಯಿತು. ನಾನು ಒಳಕೋಣೆಗೆ ಹೋದೆ, ಮಾದೇಶ್ ತೊಟ್ಟಿಗೆ ಉಪ್ಪುನೀರು ತುಂಬಿ, ಕಲ್ಲು ಜೋಡಿಸಿ, ಪಂಪು ಹಾಕಿ ಹೋದ. ಹುಳಕ್ಕೆ ತಿನ್ನಲು ಏನಾದರೂ ಕೊಳೆಯಬೇಕಂತೆ. ಕೇರಳದ ಗಾಡಿಯಲ್ಲಿ ಬರುವ ಸಿಗಡಿಯೊಂದನ್ನು ತರಿಸಿ ನೀರಿಗೆ ಹಾಕಿದೆ. ನಾಜ್ನೀನ್ ಮೂಗಿಗೆ ದುಪಟ್ಟಾ ಒತ್ತಿಕೊಂಡಳು. ಭಾಭಿಗೆ ತಲೆ ಕೆಟ್ಟಿದೆ ಎಂದು ಅವಳು ಗಂಡನಿಗೆ ಫೋನಿನಲ್ಲಿ ಹೇಳಿದ್ದು ನನಗೂ ಕೇಳಿಸಿತು. ಇದ್ದರೂ ಇರಬಹುದು ಎಂದುಕೊಂಡೆ.

ಅಲ್ಲಿಂದ ನಾನೂ ತೊಟ್ಟಿಯೂ ಎದುರುಬದುರು ಕೂತೆವು. ಮೀನಿಲ್ಲ, ಬರೀ ಕಲ್ಲು. ನೀರು ಮಬ್ಬಾಯಿತು, ಕಲ್ಲಿನ ಮೇಲೆ ಕಂದು ಬಣ್ಣದ ಲೋಳೆ ಕಟ್ಟಿತು. ಮಾದೇಶ್ ಕೊಟ್ಟಿದ್ದ ಔಷಧಿಯ ಹನಿಗಳನ್ನು ಸಣ್ಣ ಗಾಜಿನ ಕೊಳವೆಯ ನೀರಿಗೆ ಬಿಟ್ಟು ಬಣ್ಣ ನೋಡುವುದು ನನ್ನ ಒಂದೇ ಕೆಲಸ. ಹಸಿರು ಬಂದರೆ ವಿಷ ಇದೆ, ಹಳದಿ ಬಂದರೆ ಹುಳ ಅದನ್ನು ತಿಂದಿವೆ. ಹಸಿರೇ ಬರುತ್ತಿತ್ತು. ಊರಿನ ಮಾವಿನಕಾಯಿ ಮುಗಿದು ಹಣ್ಣೂ ಮುಗಿಯಿತು, ಇಲ್ಲಿ ಹಸಿರೇ.

ಇದ್ದತ್ ಮುಗಿಯುವ ಸುಮಾರಿಗೆ ಒಂದು ಮಧ್ಯಾಹ್ನ ಹಳದಿ ಬಂತು. ನಂಬಿಕೆಯಾಗದೆ ಕಿಟಕಿಯ ಬೆಳಕಿಗೆ ಹಿಡಿದೆ. ಹಳದಿಯೇ.

"ಹುಳ ಹಿಡ್ಕಂಡವೆ ಕಣಕ್ಕ" ಎಂದ ಮಾದೇಶ್ ಫೋನಿನಲ್ಲಿ. "ನಿಮ್ದು ಮುಗೀಲಿ, ಜೋಡಿ ಮೀನು ತತ್ತೀನಿ."

ಅವತ್ತು ಹೊಟ್ಟೆ ತುಂಬ ಊಟ ಮಾಡಿದೆ. ಅವರು ಹೋದ ಮೇಲೆ ನಾಳೆಗಾಗಿ ಕಾದದ್ದು ಅದೇ ಮೊದಲು.

ಇದ್ದತ್ ಬಿಡುವ ಹಿಂದಿನ ದಿನ ಮನೆ ಶುದ್ಧ ಮಾಡಬೇಕು. ಮರುದಿನ ಹೆಂಗಸರು ಬಂದು ಮೀಯಿಸಿ, ಹೊಸ ಬಟ್ಟೆ ಉಡಿಸಿ, ಹೊಸಿಲು ದಾಟಿಸುತ್ತಾರೆ. ನಾನು ಮಧ್ಯಾಹ್ನ ಸ್ವಲ್ಪ ಅಡ್ಡಾಗಿದ್ದೆ. ಎದ್ದು ನಡುಮನೆಗೆ ಬಂದರೆ ತೊಟ್ಟಿ ಥಳಥಳ ಹೊಳೆಯುತ್ತಿತ್ತು. ನೀರು ನಲ್ಲಿಯದು, ಕನ್ನಡಿಯಷ್ಟು ತಿಳಿ. ಕಲ್ಲುಗಳು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು. ಮನೆಯೆಲ್ಲ ಬ್ಲೀಚಿಂಗ್ ಪೌಡರಿನ ವಾಸನೆ.

ನಾಜ್ನೀನ್ ತೋಳು ಮೇಲೇರಿಸಿಕೊಂಡು ಬೆವರು ಒರೆಸುತ್ತ ನಿಂತಿದ್ದಳು. "ಒಂದೊಂದು ತೂತಿಗೂ ಬ್ರಷ್ ಹಾಕಿ ಉಜ್ಜಿದೀನಿ ಭಾಭಿ. ಎಷ್ಟು ಕೊಳೆ ಬಂತು ಗೊತ್ತಾ."

ಅಷ್ಟು ದಿನ ಎಲ್ಲಿ ಹೋಗಿತ್ತೋ ಆ ಸಿಟ್ಟು. "ಇನ್ನೇನು ಉಳಿದಿದೆ ಹೇಳು, ಅದನ್ನೂ ತೊಳೆದುಬಿಡು. ಹಾಸಿಗೆ ಆಯ್ತು, ಅಂಗಿ ಆಯ್ತು. ಅವರದು ಅನ್ನೋದು ಒಂದು ಚೂರೂ ಈ ಮನೆಯಲ್ಲಿ ಉಳೀಬಾರದು ಅಲ್ಲವಾ ನಿನಗೆ" ಎಂದೆ.

ಅವಳು ಬೆಚ್ಚಿಬಿದ್ದಳು. "ಅದರಲ್ಲಿ ಏನೂ ಇರಲಿಲ್ಲವಲ್ಲ ಭಾಭಿ, ಬರೀ ಕೊಳೆ" ಎಂದವಳೇ ನೆಲದ ಮೇಲೆ ಕೂತು, ಅಣ್ಣನ ಹೆಸರು ಹೇಳಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಕೊನೆಗೆ ನಾನೇ ಅವಳ ಬೆನ್ನು ಸವರಿ, ನೀರು ಕುಡಿಸಿ ಸಮಾಧಾನ ಮಾಡಬೇಕಾಯಿತು. ಗಂಡ ಸತ್ತದ್ದು ನನಗೋ ಅವಳಿಗೋ ಎಂದು ನೋಡಿದವರಿಗೆ ಅನುಮಾನ ಬರುವ ಹಾಗೆ ನನ್ನ ಕಣ್ಣು ಒಣಗೇ ಇತ್ತು.

ಮರುದಿನ ಹೆಂಗಸರು ಹೊಸಿಲು ದಾಟಿಸಿ, ವಾಡಿಕೆಯಂತೆ ನಾಜ್ನೀನಳ ಮನೆಗೆ ಊಟಕ್ಕೆ ಕರೆದುಕೊಂಡು ಹೋದರು. ಅಲ್ಲಿ ಊಟ ಮುಗಿಸಿ ಕೈ ತೊಳೆದವಳು, "ನಾನು ಚಾಮರಾಜನಗರಕ್ಕೆ ಹೋಗಿ ಬರ್ತೀನಿ" ಎಂದೆ. ಇವತ್ತೇ ಯಾಕೆ, ಜೊತೆಗೆ ಯಾರಾದರೂ ಬರಲಿ ಎಂದರು. ಕೇಳಿಸದವಳಂತೆ ಬುರ್ಖಾ ಹಾಕಿಕೊಂಡು ಬಸ್ಸು ಹತ್ತಿದೆ.

ಮಾದೇಶನಿಗೆ ನನ್ನ ಮುಖ ಗೊತ್ತಾಗಲಿಲ್ಲ, ದನಿ ಕೇಳಿ ಎದ್ದು ನಿಂತ. ನಡೆದದ್ದನ್ನು ಹೇಳಿದೆ. ತಲೆಯ ಮೇಲೆ ಕೈ ಇಟ್ಟುಕೊಂಡ. "ಪೂರಾ ಸತ್ತೋಗವೆ ಅಕ್ಕ. ಮೊದ್ಲಿಂದ ಮಾಡ್ಬೇಕು."

"ಅವರ ಚೀಲ ಇದೆಯಾ?"

ಅವನು ದೊಡ್ಡ ತೊಟ್ಟಿಯ ಕೆಳಗಿನ ಡಬ್ಬಕ್ಕೆ ತೋಳುದ್ದ ಕೈ ಇಳಿಸಿ ಎಳೆದ. ಕೆಂಪು ಈರುಳ್ಳಿ ಚೀಲ, ಒಳಗೆ ಕಂದು ಲೋಳೆ ಮೆತ್ತಿದ ಕಲ್ಲುಗಳು. ಬಾಯಿಗೆ ಹಳದಿ ನೈಲಾನ್ ದಾರ. ಗಾಜು ಕಟ್ಟುವಾಗ ಹಾಕುತ್ತಿದ್ದ ಗಂಟೇ ಹಾಕಿದ್ದರು, ಎರಡು ಸುತ್ತು ಸುತ್ತಿ ತುದಿಯನ್ನು ಒಳಗೆ ಸಿಕ್ಕಿಸಿ. ಆ ಗಂಟು ಬಿಚ್ಚಲು ಮನೆಯಲ್ಲಿ ನಾನು ಎಷ್ಟು ಸಲ ಬೈದುಕೊಂಡಿದ್ದೇನೋ. ಮಾದೇಶ್ ಬಕೆಟ್ಟಿಗೆ ಅದೇ ತೊಟ್ಟಿಯ ನೀರು ಹಾಕಿ ಚೀಲವನ್ನು ಮುಳುಗಿಸಿ ಕೊಟ್ಟ. "ಒಣಗಕೆ ಬುಡ್ಬೇಡಿ, ನಲ್ಲಿನೀರು ಸೋಕಿಸ್ಬೇಡಿ. ನಾಳೆ ಉಪ್ಪುನೀರು ಮಾಡಕೆ ಬತ್ತೀನಿ" ಎಂದ.

ವಾಪಸು ಬಸ್ಸಿನಲ್ಲಿ ಪಕ್ಕದಲ್ಲಿ ತೆರಕಣಾಂಬಿಗೆ ಹೋಗುವ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಮಡಿಲಲ್ಲಿ ಸೊಪ್ಪಿನ ಗಂಟು. ಬಸ್ಸು ಕುಲುಕಿದಾಗಲೆಲ್ಲ ನನ್ನ ಕಾಲ ಬಳಿಯ ಬಕೆಟ್ಟಿನಿಂದ ವಾಸನೆ ಏಳುತ್ತಿತ್ತು. ಆಕೆ ಸೆರಗನ್ನು ಮೂಗಿಗೆ ತಂದಳು.

"ಏನವ್ವ ಅದು, ಈಪಾಟಿ ನಾರ್ತದಲ್ಲ?"

"ಕಲ್ಲು."

"ವಸಿ ತೊಳ್ದು ತರ್ಬಾರದಾ?"

"ತೊಳೀಬಾರದು" ಎಂದೆ. "ನಮ್ಮ ಯಜಮಾನರದು."

ಆ ಮಾತು ಬಾಯಿಂದ ಹೊರಟದ್ದೇ ತಡ, ಅಳು ಬಂತು. ತಡೆಯಲು ಆಗಲಿಲ್ಲ, ತಡೆಯಲು ಮನಸ್ಸೂ ಬರಲಿಲ್ಲ. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ, ಬಾಯಿ ಬಿಟ್ಟು ಅತ್ತೆ. ಆಕೆ ಸೊಪ್ಪಿನ ಗಂಟನ್ನು ಕೆಳಗಿಟ್ಟು, ಬಕೆಟ್ಟು ಉರುಳದ ಹಾಗೆ ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ತೆರಕಣಾಂಬಿ ಬರುವವರೆಗೂ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.