ಬಿಸಿಲಿಗಿಟ್ಟ ಭರಣಿ

ಟಿಣ್.

ಊರೆಲ್ಲ ಮಲಗಿದ ಹೊತ್ತು. ಬೆಳ್ಳಿಯ ಉಂಗುರವೊಂದು ನನ್ನ ಕುತ್ತಿಗೆಗೆ ತಾಗಿದ ಸದ್ದು ಅದು. ಗೋಡೆಯ ಮೇಲಿನ ಹಲ್ಲಿ ಕೂಡ ಅಲುಗಲಿಲ್ಲ, ಅಷ್ಟು ಸಣ್ಣ ಸದ್ದು. ಆದರೆ ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿದ್ದ ಹುಡುಗಿಯ ಉಸಿರು ಒಂದು ಕ್ಷಣ ನಿಂತು, ಮತ್ತೆ ಮೆಲ್ಲಗೆ ಶುರುವಾಯಿತು. ಅದು ನನಗೆ ಗೊತ್ತಾಯಿತು. ಉಂಗುರದ ಒಡತಿಗೆ ಗೊತ್ತಾಗಲಿಲ್ಲ.

ಆ ಕೈ ಕತ್ತಲಲ್ಲಿ ನನ್ನನ್ನು ಯಾಕೆ ಹುಡುಕಿಕೊಂಡು ಬಂತು ಎಂದು ತಿಳಿಯಬೇಕಾದರೆ ನನ್ನ ಕಥೆಯನ್ನು ಮೊದಲಿನಿಂದ ಕೇಳಬೇಕು.

ನಾನೊಂದು ಗಾಜಿನ ಭರಣಿ. ಹುಟ್ಟಿದ್ದು ಬೆಂಕಿಯಲ್ಲಿ. ಮರಳು ಕರಗಿ, ಜೇನಿನ ಹಾಗೆ ಅಚ್ಚಿಗೆ ಇಳಿದು, ಒಳಗೆ ಗಾಳಿ ತುಂಬಿಸಿಕೊಂಡು ಹೊಟ್ಟೆ ಉಬ್ಬಿಸಿ ಹೊರಗೆ ಬಂದೆ. ಬರುವಾಗ ಬುಡದಲ್ಲಿ ಒಂದು ಗುಳ್ಳೆ ಉಳಿದುಕೊಂಡಿತು, ಸಾಸಿವೆ ಕಾಳಿನಷ್ಟು. ಅದೊಂದೇ ನನ್ನ ಊನ. ಅದಕ್ಕಾಗಿಯೇ ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ಬಹಳ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡವರು ಶಿವಗಂಗಾ ಅಕ್ಕೋರು. ಧಾರವಾಡದ ಒಂದು ಕನ್ನಡ ಸಾಲಿಯಲ್ಲಿ ಪಾಠ ಹೇಳುತ್ತಿದ್ದವರು. ಅವರು ಗುಳ್ಳೆಯನ್ನು ನೋಡಲಿಲ್ಲ. ಬೆರಳಿನ ಉಂಗುರದಿಂದ ನನ್ನ ಕುತ್ತಿಗೆಗೆ ಒಮ್ಮೆ ಬಡಿದು ಕಿವಿಗೊಟ್ಟು ಕೇಳಿದರು. ಅದೇ ಉಂಗುರದಿಂದ ಮೇಜು ಬಡಿದರೆ ಇಡೀ ವರ್ಗ ಸುಮ್ಮನಾಗುತ್ತಿತ್ತಂತೆ. ನಾನು ಮಾತ್ರ ಸುಮ್ಮನಾಗಲಿಲ್ಲ, ಟಿಣ್ ಅಂದೆ.

"ಸೀಳಿಲ್ಲ. ಇದನ್ನ ಕೊಡ್ರಿ," ಎಂದರು.

ಬಸ್ಸಿನಲ್ಲಿ ಅವರ ತೊಡೆಯ ಮೇಲೆ ಕೂತು ಧಾರವಾಡಕ್ಕೆ ಬಂದೆ. ಆಮೇಲೆ ಎಷ್ಟೋ ವರ್ಷ ನನ್ನ ಹೊಟ್ಟೆಯಲ್ಲಿ ಲಿಂಬೆಕಾಯಿ ಉಪ್ಪಿನಕಾಯಿ. ಹಿತ್ತಲಲ್ಲೇ ಲಿಂಬೆಯ ಗಿಡ. ಬೇಸಿಗೆ ಬಂತೆಂದರೆ ಬೆಳಿಗ್ಗೆ ನನ್ನ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಮೈ ಒರೆಸಿ, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗಿಡುವುದು. ಸಂಜೆ ಒಳಗೆ ತರುವುದು. ಇದಕ್ಕೆ ಅಕ್ಕೋರಿಗೆ ಯೋಚನೆಯೇ ಬೇಕಿರಲಿಲ್ಲ. ಮನಸ್ಸು ಎಲ್ಲೇ ಇರಲಿ, ಕೈಗಳು ತಮ್ಮ ಪಾಡಿಗೆ ತಾವು ನನ್ನನ್ನು ಬಿಸಿಲಿಗೆ ಒಯ್ಯುತ್ತಿದ್ದವು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅವರು ನಿವೃತ್ತರಾದ ಮೇಲೆ ಡಾಕ್ಟರು ಉಪ್ಪು ಬಿಡಲು ಹೇಳಿದರು. ನನ್ನನ್ನು ತೊಳೆದು ಅಟ್ಟದ ಮೇಲಿಟ್ಟರು. ಎಷ್ಟು ತೊಳೆದರೂ ಲಿಂಬೆಯ ವಾಸನೆ ಹೋಗಲಿಲ್ಲ. ಅಲ್ಲಿ ಧೂಳು ಕುಡಿಯುತ್ತ ಕೂತಿದ್ದಾಗಲೇ ಕೆಳಗಿನ ಮನೆಯಲ್ಲಿ ದೊಡ್ಡ ಜಗಳವೊಂದು ನಡೆಯಿತು.

ಅಕ್ಕೋರ ಮೊಮ್ಮಗಳು ಮಂದಾರ ದಿನಾ ಬೆಳಿಗ್ಗೆ ಸಾಲಿಯ ರಿಕ್ಷಾದ ಸದ್ದು ಕೇಳಿದೊಡನೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ತಿಂದದ್ದೆಲ್ಲ ವಾಂತಿ. ಭಾನುವಾರ ಮಾತ್ರ ಏನೂ ಇಲ್ಲ. ವರ್ಷವಿಡೀ ನೋಡಿ ನೋಡಿ, ಅವಳ ತಾಯಿ ಶಾಂಭವಿ ಒಂದು ದಿನ ಹೇಳಿಬಿಟ್ಟಳು: ಮಂದಾರ ಮತ್ತು ಅವಳ ತಮ್ಮ ಬಸು ಇನ್ನು ಮನೆಯಲ್ಲೇ ಕಲಿಯುತ್ತಾರೆ.

"ಮೂವತ್ತು ವರ್ಷ ಮಂದಿ ಮಕ್ಕಳನ್ನ ಸಾಲಿಗೆ ಎಳಕೊಂಡು ಬಂದಾಕಿ ನಾನು," ಎಂದರು ಅಕ್ಕೋರು. "ನನ್ನ ಮೊಮ್ಮಕ್ಕಳು ಮನ್ಯಾಗ ಕುಂಡ್ರತಾವೇನು? ಊರಾಗ ಮುಖ ಹೆಂಗ ತೋರಸ್ಲಿ?"

"ಕುಂಡ್ರೂದಿಲ್ರಿ ಅತ್ತೀ, ತಿರಗತಾರ," ಎಂದಳು ಶಾಂಭವಿ. ಅವಳ ದನಿ ಸಣ್ಣದು. ಆದರೆ ಮಾತು ಹಿಂದಕ್ಕೆ ಹೋಗಲಿಲ್ಲ. ಗಂಡ ಮಹಾಂತೇಶ ಇಬ್ಬರ ನಡುವೆ ಸಿಕ್ಕಿ, ಒಂದು ವರ್ಷ ನೋಡೋಣ ಎಂದು ಅಂಗಡಿಗೆ ಹೋಗಿಬಿಟ್ಟ.

ಹೀಗೆ ನನ್ನ ಎರಡನೆಯ ಜನ್ಮ ಆರಂಭವಾಯಿತು. ಮಂದಾರ ಅಟ್ಟ ಹತ್ತಿ ನನ್ನನ್ನು ಹುಡುಕಿ ತೆಗೆದಳು. ಬೆಳಕಿಗೆ ಹಿಡಿದು ನೋಡಿದವಳಿಗೆ ಮೊದಲು ಕಂಡದ್ದು ನನ್ನ ಗುಳ್ಳೆ. "ಬಸೂ, ಇದರಾಗ ಹಳೇ ಕಾಲದ ಗಾಳಿ ಐತಿ!" ಎಂದು ಕೂಗಿದಳು. ಊನವೆಂದು ನಾನು ನಾಚಿಕೊಂಡಿದ್ದ ಗುಳ್ಳೆಯನ್ನು ಅವರಿಬ್ಬರೂ ಇಡೀ ಮಧ್ಯಾಹ್ನ ನೋಡಿದರು.

ಆಮೇಲೆ ನನಗೆ ಪುರುಸೊತ್ತೇ ಇಲ್ಲ. ಕೆಲಗೇರಿ ಕೆರೆಯ ನೀರು ತುಂಬಿಕೊಂಡು ಕಪ್ಪೆಮರಿಗಳಿಗೆ ಮನೆಯಾದೆ. ಕಾಲು ಮೂಡಿದ ದಿನ ಅವನ್ನು ಕೆರೆಗೇ ಬಿಟ್ಟು ಬಂದೆವು. ಒದ್ದೆ ಹತ್ತಿಯ ಮೇಲೆ ಹೆಸರುಕಾಳು ಮೊಳೆಯಿಸಿದೆ. ಎರೆಮಣ್ಣು, ಉಸುಕು, ಕಲ್ಲು ಒಟ್ಟಿಗೆ ಹಾಕಿ ಕಲಕಿದಾಗ ಯಾವುದು ಮೊದಲು ತಳಕ್ಕೆ ಇಳಿಯುತ್ತದೆಂದು ತೋರಿಸಿದೆ. ಶಾಂಭವಿ ಪುಸ್ತಕ ಓದಿ ತಯಾರಾಗಿ ಬರುತ್ತಿದ್ದಳು, ಆದರೂ ಮಕ್ಕಳು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿರುತ್ತಿರಲಿಲ್ಲ. ಆಗ ಅವಳ ಮುಖ ಇಷ್ಟು ಸಣ್ಣದಾಗುತ್ತಿತ್ತು. ತಾನು ಮಕ್ಕಳನ್ನು ಹಾಳು ಮಾಡುತ್ತಿದ್ದೇನೆಯೇ ಎಂಬ ಭಯ ಅವಳನ್ನು ಒಂದು ದಿನವೂ ಬಿಟ್ಟಿರಲಿಲ್ಲ. ಒಂದು ನಿಯಮವನ್ನು ಮಾತ್ರ ಅವಳು ಗಟ್ಟಿಯಾಗಿ ಹಿಡಿದಿದ್ದಳು: "ಕಂಡಿದ್ದನ್ನ ಕಂಡಂಗ ಹೇಳ್ರಿ. ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ ಅನ್ರಿ. ಸುಳ್ಳು ಸೇರಸ್ಬ್ಯಾಡ್ರಿ."

ಬೇಸಿಗೆಗೆ ಹಿತ್ತಲ ಲಿಂಬೆಗಿಡದ ಎಲೆಗಳ ಮೇಲೆ ಹಕ್ಕಿಯ ಹಿಕ್ಕೆಯಂಥ ಹುಳುಗಳು ಕಂಡವು. ಮಂದಾರ ಒಂದನ್ನು ಎಲೆಗಳ ಸಮೇತ ತಂದು ನನ್ನೊಳಗೆ ಬಿಟ್ಟಳು. ಲಿಂಬೆಯ ವಾಸನೆಗೆ ಅದಕ್ಕೂ ತವರಿಗೆ ಬಂದಂತಾಗಿರಬೇಕು, ಬಂದದ್ದೇ ತಿನ್ನತೊಡಗಿತು. ತಿಂದು ತಿಂದು ಹಸಿರಾಗಿ, ಹೆಬ್ಬೆರಳಿನಷ್ಟು ದಪ್ಪವಾಯಿತು. ನನ್ನ ಮುಚ್ಚಳವನ್ನು ಮಂದಾರ ಕಪಾಟಿನಲ್ಲಿಟ್ಟು, ಬಾಯಿಗೆ ತೆಳು ಅರಿವೆ ಕಟ್ಟಿದ್ದಳು. ಏರಿ ಕೂರಲೆಂದು ದಾಳಿಂಬೆಯ ಒಣಗಿದ ಕಡ್ಡಿಯೊಂದನ್ನು ಇಟ್ಟಳು. ಹುಳು ಅದನ್ನೇರಿ, ಸೊಂಟಕ್ಕೊಂದು ನೂಲು ಬಿಗಿದುಕೊಂಡು, ಕಡ್ಡಿಯದೇ ಬಣ್ಣದ ಕಂದು ಕೋಶವಾಯಿತು.

"ಇದು ಪಾತರಗಿತ್ತಿ ಆಗತೈತಿ ಅಜ್ಜೀ!"

"ಆಗತೈತಿ, ಆಗತೈತಿ. ನೀ ಹುಳಾ ಕಾಯ್ಕೋತ ಕುಂಡ್ರು, ನಿನ್ನ ವಾರಿಗಿ ಹುಡುಗ್ಯಾರು ಪಾಸಾಗಿ ಮುಂದ ಹೋಗ್ಲಿ." ಅಕ್ಕೋರು ಮಗನ ಕಡೆ ತಿರುಗಿದರು. "ಮಹಾಂತೇಶಾ, ವರ್ಷ ಮುಗೀತು. ಮೇ ಮುಗಿಯೂದ್ರಾಗ ಈ ಹುಳಾ ಹಾರಿತು ಅಂದ್ರ ನಾ ಬಾಯಿ ಮುಚ್ಚತೇನಿ. ಹಾರಲಿಲ್ಲ ಅಂದ್ರ ಜೂನದಾಗ ಸಾಲಿಗೆ ಹೆಸರು ಹಚ್ಚಬೇಕು. ಹೂಂ ಅನ್ನು."

ಮಹಾಂತೇಶ ಹೆಂಡತಿಯ ಮುಖ ನೋಡಿದ. ಶಾಂಭವಿ ಮಗಳ ಮುಖ ನೋಡಿದಳು. "ಹೂಂ ಅಪ್ಪಾ," ಎಂದಳು ಮಂದಾರ. ಅವಳಿಗೆ ತನ್ನ ಹುಳುವಿನ ಮೇಲೆ ಅಷ್ಟು ನಂಬಿಕೆ. ಆದರೆ ಆ ರಾತ್ರಿ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡೇ ಮಲಗಿದ್ದನ್ನು ನಾನು ಕಂಡೆ.

ಕೋಶವಾಗಿ ಕೆಲವು ದಿನ ಕಳೆದಿರಬಹುದು. ಶಾಂಭವಿ ಮಕ್ಕಳನ್ನು ಕರೆದುಕೊಂಡು ಕೆರೆಯ ಹಕ್ಕಿ ನೋಡಲು ಹೋದಳು. ಮನೆಯಲ್ಲಿ ಅಕ್ಕೋರು ಒಬ್ಬರೇ. ಬೈಲಹೊಂಗಲದ ಅಕ್ಕನ ಫೋನು ಬಂತು. ಭುಜ ಕಿವಿಗಳ ನಡುವೆ ಫೋನು ಸಿಕ್ಕಿಸಿಕೊಂಡು, ಪಡಸಾಲೆ ಒರೆಸುತ್ತ, ಸೊಸೆಯ ಮೇಲೆ ದೂರು ಹೇಳತೊಡಗಿದರು. "ಕೆರೀಗೆ ಹೋಗ್ಯಾರವಾ, ಬಾತುಕೋಳಿ ಎಣಸಾಕ! ಬಾತುಕೋಳಿ ಎಣಿಸಿದ್ರ ನೌಕರಿ ಕೊಡತಾರೇನ ನಾಳೆ?"

ಹೀಗೆ ಮಾತಾಡುತ್ತಿರುವಾಗಲೇ ಅವರ ಕೈಗಳಿಗೆ ನಾನು ಸಿಕ್ಕಿದೆ. ಬೇಸಿಗೆ, ಲಿಂಬೆಯ ವಾಸನೆ, ಭರಣಿ. ಕೈಗಳಿಗೆ ಅಷ್ಟು ಸಾಕಾಯಿತು. ಅರಿವೆ ಬಿಚ್ಚಿದವು, ಕಪಾಟಿನಿಂದ ಮುಚ್ಚಳ ತೆಗೆದು ಬಿಗಿಯಾಗಿ ತಿರುಗಿಸಿದವು, ನನ್ನ ಮೈ ಒರೆಸಿದವು, ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗಿಟ್ಟು ಬಂದವು. ಅಕ್ಕೋರು ಮಾತಾಡುತ್ತಲೇ ಇದ್ದರು.

ನನಗೆ ಬಾಯಿ ಇತ್ತು, ಆದರೆ ಮುಚ್ಚಿದ್ದರು. ಗಾಜು ಕಾಯಿತು. ಒಳಗಿನ ಗಾಳಿ ಬೆಂದಿತು. ಹುಟ್ಟುವಾಗಿನ ಬೆಂಕಿ ನನಗೆ ನೆನಪಾಯಿತು. ಅದರಿಂದ ನಾನು ಆಕಾರ ಪಡೆದಿದ್ದೆ. ನನ್ನೊಳಗಿನ ಕೂಸು ಹಾಗೆ ಬೆಂಕಿಯಲ್ಲಿ ಹುಟ್ಟುವುದಲ್ಲ.

ಬಿಸಿಲು ಇಳಿದ ಮೇಲೆ ಒಳಗೆ ತರಲು ಬಂದ ಅಕ್ಕೋರು ನನ್ನನ್ನು ಎತ್ತಿದವರೇ ನಿಂತುಬಿಟ್ಟರು. ಒಳಗೆ ಬೆವರ ಹನಿ. ಕೋಶ ಕಡ್ಡಿಯಿಂದ ಕಳಚಿ ತಳಕ್ಕೆ ಬಿದ್ದಿತ್ತು. ಮುಟ್ಟಿದರೆ ಮೆತ್ತಗೆ. "ಶಿವನೇ, ಏನ್ ಮಾಡ್ದೆ ನಾ," ಎಂದರು.

ನನ್ನನ್ನು ಮಡಿಲಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತರು. ಹುಳು ತಾನಾಗಿ ಸತ್ತಿತೆಂದರೆ ನಂಬದವರು ಯಾರೂ ಇರಲಿಲ್ಲ. ಜೂನಿನಲ್ಲಿ ಸಾಲಿ; ಅವರು ಒಂದು ವರ್ಷದಿಂದ ಬೇಡಿದ್ದು ಅದೇ. ಕೇಳಿದವರಿಗೆ ಏನು ಹೇಳುವುದೆಂದು ಬಾಯಲ್ಲೇ ಒಮ್ಮೆ ಆಡಿಯೂ ನೋಡಿದರು: "ಏನೋ ತಂಗಿ, ಸತ್ತೈತಿ ನೋಡು."

ಅಷ್ಟರಲ್ಲಿ ಬಾಗಿಲು ಬಡಿಯಿತು. ಮಂದಾರ ಓಡಿ ಬಂದವಳೇ ಅಜ್ಜಿಯ ಕೈಯಲ್ಲಿ ನೀಲಿ ಗರಿಯೊಂದನ್ನು ಇಟ್ಟಳು. "ಮಿಂಚುಳ್ಳೀದು! ನಿನಗಂತ ತಂದೇನಿ. ನಿನಗ ಮೊಣಕಾಲು ನೋವು, ಕೆರೀತನಕ ಬರಾಕ ಆಗೂದಿಲ್ಲಲ್ಲ, ಅದಕ್ಕ. ಹುಳಾ ಹೆಂಗೈತಿ?"

ಅಕ್ಕೋರು ಸೆರಗಿನಿಂದ ನನ್ನನ್ನು ಮುಚ್ಚಿದರು.

"ಮಲಗೈತಿ. ಎಬ್ಬಸಬ್ಯಾಡ. ಮುಂಜಾನಿ ನೋಡೀಯಂತ."

ಆ ರಾತ್ರಿ ಬ್ಯಾಟರಿ ಹಿಡಿದುಕೊಂಡು ಮುದುಕಿಯೊಬ್ಬಳು ಲಿಂಬೆಗಿಡದ ಸುತ್ತ ತಿರುಗಿದಳು. ಸತ್ತ ಕೋಶವನ್ನು ಗಿಡದ ಬುಡದಲ್ಲೇ ಮಣ್ಣು ಮಾಡಿದಳು. ಮುಳ್ಳಿನ ನಡುವೆ ಕೈ ಹಾಕಿ, ಕತ್ತರಿಯಿಂದ ಒಂದು ಟೊಂಗೆ ಕತ್ತರಿಸಿ ತಂದಳು. ಅದನ್ನು ನನ್ನೊಳಗೆ ಇಳಿಬಿಡುವಾಗ ಉಂಗುರ ತಾಗಿತು. ಟಿಣ್.

ಬೆಳಿಗ್ಗೆ ಮಂದಾರ ನನ್ನ ಮುಂದೆ ಕುಳಿತಳು. ಒಳಗೆ ಕೋಶವಿತ್ತು. ಆದರೆ ಅದು ಕಂದಲ್ಲ, ಎಳೆ ಹಸಿರು. ಕಡ್ಡಿ ದಾಳಿಂಬೆಯದಲ್ಲ, ಲಿಂಬೆಯ ಹಸಿ ಟೊಂಗೆ. ಕತ್ತರಿಸಿದ ತುದಿ ಇನ್ನೂ ತೇವ. ಅಕ್ಕೋರಿಗೆ ಹುಳುವೆಂದರೆ ಎಲ್ಲಾ ಒಂದೇ. ಒಂದು ವರ್ಷ ನೋಡುವುದನ್ನೇ ಕಲಿತ ಹುಡುಗಿಗೆ ಹಾಗಲ್ಲ. ಅವಳು ಕಪಾಟಿನ ಕಡೆ ನೋಡಿದಳು. ಮುಚ್ಚಳ ಜಾಗ ಬದಲಿಸಿತ್ತು, ಅದರ ಒಳಮೈಯಲ್ಲಿ ನೀರಿನ ಕಲೆ. ಆಮೇಲೆ ಅಜ್ಜಿಯ ಕಡೆ ನೋಡಿದಳು. ಮುಂಗೈ ತುಂಬ ಗೀರು.

"ಕೈಗೆ ಏನಾತು ಅಜ್ಜೀ?"

"ಬೆಕ್ಕು ಪರಚೇತಿ."

ಆ ಮನೆಯಲ್ಲಿ ಬೆಕ್ಕಿರಲಿಲ್ಲ. ಮಂದಾರಳ ಕಣ್ಣಲ್ಲಿ ನೀರು ತುಂಬಿತು. ತನ್ನ ಹುಳು ಹೋಯಿತೆಂದು ಅವಳಿಗೆ ತಿಳಿದುಹೋಗಿತ್ತು.

"ಏನ್ ಕಾಣಸ್ತು ಇವತ್ತ?" ಶಾಂಭವಿ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ದಿನಾ ಕೇಳುವ ಪ್ರಶ್ನೆ.

ಅಕ್ಕೋರು ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು.

"ಕೋಶ ಹಸರ ಐತಿ ಅವ್ವಾ."

"ನಿನ್ನೆ..."

"ಇವತ್ತ ಹಸರ ಐತಿ."

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶಾಂಭವಿ ಬಗ್ಗಿ ನನ್ನೊಳಗೆ ಬಹಳ ಹೊತ್ತು ನೋಡಿದಳು. ಮಗಳನ್ನು ನೋಡಿದಳು. ಅತ್ತೆಯನ್ನು ನೋಡಿದಳು. ಏನು ತಿಳಿದುಕೊಂಡಳೋ ನನಗೆ ಗೊತ್ತಿಲ್ಲ. ನನ್ನೊಳಗಿನದು ಎಲ್ಲರಿಗೂ ಕಾಣುತ್ತದೆ, ಮನುಷ್ಯರೊಳಗಿನದು ನನಗೆ ಕಾಣುವುದಿಲ್ಲ. "ಹೌದು, ಹಸರ ಐತಿ," ಎಂದು ಹೇಳಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ಮೇ ಮುಗಿಯುವ ಮೊದಲೇ ಒಂದು ಬೆಳಿಗ್ಗೆ ಕೋಶ ಬಿರಿಯಿತು. ಒದ್ದೆ ಕಾಗದದಂತೆ ಮುದುಡಿದ ರೆಕ್ಕೆಗಳು ಮೆಲ್ಲಗೆ ಬಿಡಿಸಿಕೊಂಡವು: ಕಪ್ಪು, ಅದರ ಮೇಲೆ ಹಳದಿ ಚುಕ್ಕೆ. ಅರಿವೆ ಬಿಚ್ಚಿದರು. ಅದು ನನ್ನ ಅಂಚಿನ ಮೇಲೆ ಕೂತು ರೆಕ್ಕೆ ಆರಿಸಿಕೊಂಡು ಹಿತ್ತಲ ಕಡೆ ಹಾರಿತು. ಬಸು ಕುಣಿದಾಡಿದ. ಎಲ್ಲರಿಗಿಂತ ಜೋರಾಗಿ ಕೂಗಿದವರು ಅಕ್ಕೋರು.

"ಸೋತೆ ನಾನು! ಮಹಾಂತೇಶಾ, ಹೆಸರು ಹಚ್ಚಾಕ ಹೋಗಬ್ಯಾಡ!"

ಇಷ್ಟು ಸಂತೋಷದಿಂದ ಸೋತವರನ್ನು ನಾನು ಬೇರೆ ಕಂಡಿಲ್ಲ.

ಈಗ ನನಗೂ ಅಕ್ಕೋರಿಗೂ ವಯಸ್ಸಾಗಿದೆ. ಒಮ್ಮೆ ಬಸುವಿನ ಕೈಜಾರಿ ಬಿದ್ದು ಕುತ್ತಿಗೆಗೆ ಸೀಳು ಬಿಟ್ಟಿದೆ. ನೀರು ನಿಲ್ಲುವುದಿಲ್ಲ. ಅಕ್ಕೋರ ಮಂಚದ ಪಕ್ಕದ ಮೂಲೆಯಲ್ಲಿ ಗರಿ, ಬೀಜ, ಬಣ್ಣದ ಕಲ್ಲು ತುಂಬಿಕೊಂಡು ಕೂತಿದ್ದೇನೆ. ಉಪ್ಪಿನಕಾಯಿ, ಕಪ್ಪೆಮರಿ, ಪಾತರಗಿತ್ತಿ ಎಲ್ಲವನ್ನೂ ಹೊತ್ತಿದ್ದೇನೆ. ಎಲ್ಲಕ್ಕಿಂತ ಭಾರವಾಗಿದ್ದು ಆ ರಾತ್ರಿಯ ಟೊಂಗೆ.

ಮೊನ್ನೆ ಮಂದಾರ ಅಜ್ಜಿಯ ಕಾಲು ಒತ್ತುತ್ತಿದ್ದಳು. ಈಗ ಅವಳು ತಾಯಿಯಷ್ಟು ಎತ್ತರ. ಅಕ್ಕೋರು ಕೈ ಚಾಚಿ ಉಂಗುರದಿಂದ ನನ್ನನ್ನು ಬಡಿದರು. ಟಿಣ್ ಎನ್ನಲಿಲ್ಲ ನಾನು, ಒಡಕು ದನಿ ಬಂತು.

"ಮಂದಾರಾ, ಆ ರಾತ್ರಿ ನಿನಗ ಎಚ್ಚರ ಇತ್ತೇನವಾ?"

ಕಾಲು ಒತ್ತುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಕಂಡಿದ್ದನ್ನು ಕಂಡಂತೆ ಹೇಳಬೇಕೆಂದು ಕಲಿತ ಹುಡುಗಿ ಅಜ್ಜಿಯ ಮುಂಗೈ ನೋಡಿದಳು. ಗೀರುಗಳ ಗುರುತೂ ಉಳಿದಿರಲಿಲ್ಲ. ಇದನ್ನು ಯಾರಿಗೂ ಹೇಳುವುದಿಲ್ಲ, ಅಜ್ಜಿಗೂ ಹೇಳುವುದಿಲ್ಲ ಎಂದು ಅವಳು ಅಲ್ಲೇ ನಿರ್ಧರಿಸಿಕೊಂಡಿರಬೇಕು.

"ಯಾವ ರಾತ್ರಿ ಅಜ್ಜೀ?" ಎಂದಳು, ಮತ್ತೆ ಕಾಲು ಒತ್ತತೊಡಗಿದಳು.