ಕಚ್ಚೆಯ ನಿರಿಗೆ

"ನೀರು ತರ್ತೀರೇನ್ರಿ ಅಕ್ಕಾ?"

"ತರ್ತೀನ್ರಿ."

"ರೊಟ್ಟಿ ಬಡಿಯೂ ಮುಂದ ದಮ್ಮ ಹತ್ತಂಗಿಲ್ಲಾ?"

"ಇಲ್ರಿ. ಆರಾಮ ಬಡೀತೀನಿ."

ಡಾಕ್ಟರಬಾಯಿ ಕೇಳಿದ್ದಕ್ಕೆಲ್ಲ ಅಕ್ಕುತಾಯಿ ಸುಳ್ಳಿನ ಮೇಲೆ ಸುಳ್ಳು ಪೋಣಿಸುತ್ತಿದ್ದಳು. ಪಕ್ಕದಲ್ಲಿ ನಿಂತ ಗಂಡ ನಾಮದೇವ ಅವಳ ಧೈರ್ಯ ಕಂಡು ಬೆರಗಾದ. ನೀರು ತರುವವನು ಅವನು. ಎರಡು ರೊಟ್ಟಿ ಬಡಿಯುವಷ್ಟರಲ್ಲಿ ಏದುಸಿರು ಬಿಡುತ್ತ ಗೋಡೆಗೆ ಒರಗುವವಳು ಇವಳು.

ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಆ ಗಾಳಿಯಿಲ್ಲದ ಗೋದಾಮಿನಲ್ಲಿ, ವರ್ಷಗಟ್ಟಲೆ ತಂಬಾಕು ಜರಡಿ ಹಿಡಿದು ಅವಳ ಎದೆ ಹಾಳಾಗಿತ್ತು. ಮೂಗಿಗೆ ಸೆರಗು ಕಟ್ಟಿಕೊಂಡರೆ ಆ ಧೂಳು ಕೇಳುತ್ತದೆಯೇ? ಆದರೂ ಅವಳಿಗೆ ವಖಾರಿಯ ಮೇಲೆ ತವರಿನಷ್ಟು ಮೋಹ. ಗೆಳತಿಯರು, ಹಾಡು, ಹರಟೆ ಎಲ್ಲ ಅಲ್ಲೇ. ಮೈ ನೆಟ್ಟಗಿದೆ ಎಂದು ಡಾಕ್ಟರ ಚೀಟಿ ತಂದರೆ ಮಾತ್ರ ಒಳಗೆ ಬಿಡುತ್ತೇನೆಂದು ಆಳುಗಳ ಮೇಲ್ವಿಚಾರಕ ಮುಕಾದಮ ಹೇಳಿದ್ದ. ಮತ್ತೆ ಆ ಧೂಳಿಗೆ ಹೋದರೆ ಇವಳು ತನಗೆ ಉಳಿಯುವುದಿಲ್ಲ ಎಂದು ನಾಮದೇವನಿಗೆ ಗೊತ್ತಿತ್ತು. ಹೇಳಿದರೆ ಕೇಳುವ ಹೆಣ್ಣೇ ಅದು?

ಡಾಕ್ಟರಬಾಯಿ ಜಿನಮತಿ ಕಿವಿಯಿಂದ ಕೊಳವೆ ತೆಗೆದರು. "ನಿಮ್ಮ ಎದಿ ಒಂದ ಹೇಳತೈತಿ, ನೀವ ಒಂದ ಹೇಳ್ತೀರಿ. ಈ ಕಚ್ಚಿ ಸೀರಿ ನೀವ ಉಟ್ಕೊಂಡೀರೇನು? ಬಗ್ಗಿ, ಹಿಂದ ಸಿಗಿಸೂ ಮುಂದ ಉಸರ ಕಟ್ಟಲಿಲ್ಲಾ?"

ಅಕ್ಕುತಾಯಿ ಗಂಡನತ್ತ ಒಮ್ಮೆ ಕಣ್ಣು ಹಾಯಿಸಿದಳು. "ನಾನ ಉಟ್ಟೀನ್ರಿ. ಮತ್ತ್ಯಾರ ಉಡಸ್ತಾರ?"

"ಹಂಗಾದ್ರ ಕೆಲಸಕ್ಕ ಹೋಗಾಕ ಅಡ್ಡಿಯಿಲ್ಲ ಅಂತ ಬರೀಲೇನು?"

ನಾಮದೇವ ಹಿಂದೆ ತಿರುಗಿ ನೋಡಿದ. ಬಜಾರಿನಲ್ಲಿ ಚೀಲ ಹೊರುವ ಹಮಾಲ ಅವನು. ಅವನ ಮೀಸೆಗೆ ಹುಡುಗರು ದಾರಿ ಬಿಡುತ್ತಿದ್ದರು. ಅಂಥವನು ದಿನಾ ಬೆಳಿಗ್ಗೆ ಬಾಗಿಲು ಹಾಕಿ, ಮಂಡಿಯೂರಿ, ಹೆಂಡತಿಗೆ ಒಂಬತ್ತು ಗಜದ ಸೀರೆ ಉಡಿಸುತ್ತಿದ್ದ. ಮೊದಮೊದಲು ಗೋಣಿಚೀಲ ಸುತ್ತಿದಂತಾಗುತ್ತಿತ್ತು, ಅವಳು ಬೈಯುತ್ತಿದ್ದಳು. ಈಗ ಅವನ ನಿರಿಗೆ ಅವಳದಕ್ಕಿಂತ ಚಂದ ಕೂರುತ್ತಿತ್ತು. ಆದರೆ ಕೋಣೆಯ ಬೆಂಚಿನ ಮೇಲೆ ಸರದಿ ಕಾಯುತ್ತ ಓಣಿಯ ಕೆಂಪವ್ವ ಕುಳಿತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಬಜಾರು ಸುತ್ತಿ ಬರುತ್ತಿತ್ತು.

ಡಾಕ್ಟರಬಾಯಿ ಪೆನ್ನು ಎತ್ತಿಕೊಂಡರು.

"ನಾ ಉಡಸ್ತೀನ್ರಿ ಬಾಯಾರ," ಎಂದ ನಾಮದೇವ. "ತಲೀನೂ ನಾನ ಬಾಚ್ತೀನಿ. ಕೈ ಮ್ಯಾಲ ಎತ್ತಿದ್ರ ಸಾಕು, ಉಸರ ಸಿಗೂದಿಲ್ಲ ಆಕಿಗೆ. ವಖಾರಿಗಿ ಕಳಸಬ್ಯಾಡ್ರಿ."

ಬೆಂಚಿನ ಮೇಲಿದ್ದವರು ಇತ್ತ ಕತ್ತು ಚಾಚಿದರು. ಅಕ್ಕುತಾಯಿಯ ಮುಖ ಕೆಂಪಾಯಿತು. ಡಾಕ್ಟರಬಾಯಿ ಪೆನ್ನು ಕೆಳಗಿಟ್ಟು ಅವಳ ಕೈ ಹಿಡಿದುಕೊಂಡರು. "ಇನ್ನ ಆ ಧೂಳಿನ ಸನೇಕ ಸುಳೀಬ್ಯಾಡ್ರಿ ಅಕ್ಕಾ. ಔಷಧಾ ಕೊಡ್ತೀನಿ, ತಪ್ಪದ ತಗೋರಿ."

ಹೊರಗೆ ಬೇವಿನ ಕಟ್ಟೆಯ ಮೇಲೆ ಅಕ್ಕುತಾಯಿ ಕುಳಿತಳು. ಆಮೇಲೆ ಕಣ್ಣೊರೆಸಿಕೊಂಡು ಸಿಡುಕಿದಳು. "ಮಂದಿ ಮುಂದ ನಿಮ್ಮ ಮಾನಾ ನೀವ ಕಳಕೊಂಡ್ರಿ. ನಾ ಇನ್ನ ಮನ್ಯಾಗ ಗ್ವಾಡಿ ನೋಡ್ಕೋತ ಕುಂದರ್ಲೇನು?"

"ನನ್ನ ಮಾರಿ ನೋಡ್ಕೋತ ಕುಂದ್ರು."

"ಏನ್ ಚಂದ ಐತ್ರಿ ಅದು!"

ಅಷ್ಟರಲ್ಲಿ ಕೆಂಪವ್ವ ಔಷಧಿ ಹಿಡಿದು ಹೊರಬಂದಳು. ನಾಮದೇವ ಮುಖ ತಿರುಗಿಸಿ ಕುಳಿತ. ಅವಳು ಬಿಡುವವಳೇ? ನೇರ ಎದುರಿಗೆ ಬಂದು ನಿಂತಳು.

"ನಾಮದೇವಣ್ಣಾ, ನಾಳಿ ನಮ್ಮ ಮನಿಯವ್ರನ್ನ ಕಳಸ್ತೀನಿ, ಒಂದೀಟ ಕಲಿಸಿಕೊಡು. ಲಗ್ನ ಆಗಿ ಇಷ್ಟ ವರ್ಷ ಆದ್ರೂ ನನ್ನ ಸೀರಿ ಬಣ್ಣಾ ಯಾವುದಂತ ಅವರಿಗಿ ಗೊತ್ತಿಲ್ಲ."

ಅಕ್ಕುತಾಯಿಗೆ ತಡೆಯಲಾರದಷ್ಟು ನಗು ಬಂತು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲದೆ ಅವಳು ಮುಂದಕ್ಕೆ ಬಾಗಿದಳು. ನಾಲ್ಕು ಮಂದಿಯ ಎದುರು ಹೆಂಡತಿಯ ಮೈ ಮುಟ್ಟಿದವನಲ್ಲ ನಾಮದೇವ. ಈಗ ಹತ್ತಿರ ಸರಿದು, ಅವಳ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ನೀವತೊಡಗಿದ. ಆಸ್ಪತ್ರೆಗೆ ಬಂದವರು ತಿರುತಿರುಗಿ ನೋಡುತ್ತ ಹೋದರು.

ಕೆಮ್ಮು ನಿಂತಿತು. ಅಕ್ಕುತಾಯಿ "ಕೈ ತೆಗೀರಿ" ಎನ್ನಲಿಲ್ಲ.