ನೆಲ್ಲಿಯ ಅಪ್ಪನ ಜನನಪತ್ರ

ಕಾಗದ ಕಂಡರೆ ಲ್ಯಾಮಿನೇಷನ್ ಮಾಡಿಸುವುದು ನಮ್ಮ ಕಡೆಯವರ ಚಾಳಿ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಮಗಳ ಚಿತ್ರಕಲೆಯ ಸರ್ಟಿಫಿಕೇಟಿನವರೆಗೆ ಎಲ್ಲವೂ ಪ್ಲಾಸ್ಟಿಕ್ಕಿನೊಳಗೇ ಇವೆ. ಬಹರೈನಿನ ಸೆಗಯಾದಲ್ಲಿ ನನ್ನದು ವೀಸಾ ಅರ್ಜಿ ಟೈಪು ಮಾಡಿಕೊಡುವ ಅಂಗಡಿ. ನೆಲ್ಲಿ ಅರ್ಜಿಯ ಜೊತೆಗೆಂದು ತನ್ನ ಅಪ್ಪನ ಜನನಪತ್ರವನ್ನು ಮೇಜಿನ ಮೇಲಿಟ್ಟು ಹೋದಾಗ, ಮಡಿಕೆಗಳಲ್ಲಿ ಹರಿಯತೊಡಗಿದ್ದ ಆ ಕಾಗದವನ್ನು ಒಂದು ಮಾತೂ ಕೇಳದೆ ಯಂತ್ರಕ್ಕೆ ಕೊಟ್ಟೆ. ಉಪಕಾರ ಮಾಡಿದೆನೆಂಬ ಹೆಮ್ಮೆ ಬೇರೆ.

ನೆಲ್ಲಿ ಪಕ್ಕದ ಬಡಾವಣೆ ಗುಫೂಲಿನ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು. ಬಂದದ್ದು ತಾಷ್ಕೆಂಟಿನಿಂದ, ಮೂಲ ಮಾತ್ರ ಕೊರಿಯಾ. ೧೯೩೭ರಲ್ಲಿ ಸರ್ಕಾರದವರು ಅವಳ ಅಜ್ಜನನ್ನು ಬೇರೆ ಕೊರಿಯನ್ನರ ಜೊತೆ ರಷ್ಯಾದ ಪೂರ್ವ ತುದಿಯಿಂದ ರೈಲಿಗೆ ತುಂಬಿ ಉಜ್ಬೇಕಿಸ್ತಾನದಲ್ಲಿ ಇಳಿಸಿದ್ದರಂತೆ. ಅಜ್ಜ ಊರು ಕಾಣದೆ ಸತ್ತ, ಅಪ್ಪನೂ ಹಾಗೆಯೇ ಹೋದ. ಕೊರಿಯಾ ಮೂಲದವರಿಗೆ ಆ ದೇಶ ಕೊಡುವ ವೀಸಾ ಸಿಕ್ಕಿದರೆ ಇವಳಾದರೂ ಹೋಗಬಹುದಿತ್ತು. ಪಾಸ್‌ಪೋರ್ಟಿನಲ್ಲಿರುವುದು ಬರೇ ಉಜ್ಬೇಕಿಸ್ತಾನ. ತಾನು ಕೊರಿಯಾದವರ ಪೈಕಿ ಎನ್ನಲು ಅವಳ ಬಳಿ ಇದ್ದದ್ದು ಈ ಕಾಗದದಲ್ಲಿ ಅಪ್ಪನ ಜನಾಂಗ ಕೊರಿಯನ್ ಎಂದಿದ್ದ ಒಂದೇ ಒಂದು ಸಾಲು. ಅವಳ ಬಹರೈನಿನ ವೀಸಾ ೨೦೧೨ರ ಮಾರ್ಚ್ ಕೊನೆಗೆ ಮುಗಿಯುತ್ತಿತ್ತು.

ಕೊರಿಯಾದ ದೂತಾವಾಸದವರು ಕಾಗದ ತಿರುಗಿಸಿ ನೋಡಿ ವಾಪಸು ಕೊಟ್ಟರು. ಪ್ಲಾಸ್ಟಿಕ್ಕಿನೊಳಗಿದ್ದರೆ ಅಸಲಿಯೋ ನಕಲಿಯೋ ತಿಳಿಯುವುದಿಲ್ಲ ಎಂದರಂತೆ.

"ಅದೆಷ್ಟು ಕೆಲಸ, ನಾಳೆ ಬಿಡಿಸಿ ಕೊಡ್ತೇನೆ," ಎಂದು ನೆಲ್ಲಿಗೆ ಜಂಭದಿಂದ ಹೇಳಿದೆ. ಮನೆಗೆ ತಂದು ಇಸ್ತ್ರಿಪೆಟ್ಟಿಗೆ ಬಿಸಿ ಮಾಡಿ ಒತ್ತಿದೆ, ಮೂಲೆ ಎತ್ತಿ ಎಳೆದೆ. ಕಾಗದದ ಮೇಲ್ಪದರ ಈರುಳ್ಳಿ ಸಿಪ್ಪೆಯಂತೆ ಪ್ಲಾಸ್ಟಿಕ್ಕಿಗೇ ಅಂಟಿಕೊಂಡು ಎದ್ದು ಬಂತು. ಆ ಸಾಲಿದ್ದ ಜಾಗ ಬೆಳ್ಳಗಾಗಿತ್ತು.

ಮೂರು ದಿನ ಕೂತಲ್ಲಿ ಕೂರಲಾಗಲಿಲ್ಲ. ನೆಲ್ಲಿಯ ಫೋನು ಬಂದರೆ ಕಟ್ ಮಾಡುತ್ತಿದ್ದೆ. ಅಂಗಡಿಯ ಬಾಗಿಲು ಸದ್ದಾದರೆ ಜೆರಾಕ್ಸ್ ಯಂತ್ರದ ಹಿಂದೆ ಸರಿಯುತ್ತಿದ್ದೆ. ಐವತ್ತು ದಾಟಿದ ಗಂಡಸು, ಕಳ್ಳನ ಹಾಗೆ.

"ಎಂತ ಆಗಿದೆ ನಿಮಗೆ? ಊಟಕ್ಕೆ ಕೂತವರು ಎರಡು ಸಲ ಎದ್ರಿ," ಎಂದಳು ನನ್ನ ಹೆಂಡತಿ ನೀರಜಾಕ್ಷಿ. ಅವಳಿಗೆ ಹೇಳಿಬಿಟ್ಟೆ.

"ಆ ಹೆಂಗಸಿನ ಹತ್ರ ಹೇಳಿ ಮಾರಾಯ್ರೆ. ಅದಕ್ಕೆ ಇನ್ನು ಇರುವುದೇ ಹತ್ತು ದಿನ."

ಮರುದಿನ ಹೇಳಿದೆ. ನೆಲ್ಲಿ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ತನ್ನ ಅರೆಬರೆ ಹಿಂದಿಯಲ್ಲಿ, "ನೀನೂ ಬಾ ಹರಿನಾಥ್ ಭಾಯ್. ಏನಾಯಿತೆಂದು ನೀನೇ ಅವರಿಗೆ ಹೇಳು," ಎಂದಳು.

ದೂತಾವಾಸದ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಾನು ತಡವರಿಸಿ ಹೇಳಿದ್ದನ್ನೆಲ್ಲ ಸಮಾಧಾನದಿಂದ ಕೇಳಿದಳು. "ಶಾಯಿ ಎಲ್ಲಿಗೂ ಹೋಗಿರುವುದಿಲ್ಲ, ಕಿತ್ತ ಪ್ಲಾಸ್ಟಿಕ್ಕಿನಲ್ಲೇ ಇರುತ್ತದೆ. ಅದನ್ನೂ ಕಾಗದವನ್ನೂ ಒಟ್ಟಿಗೆ ತನ್ನಿ. ಪರಿಶೀಲನೆಗೆ ಕಳಿಸೋಣ."

ನೆಲ್ಲಿಯ ಮುಖ ಅರಳಿತು. ಹೊರಗೆ ಬಂದವಳೇ ನನ್ನ ತೋಳು ಹಿಡಿದಳು. "ನಡಿ ಭಾಯ್, ಈಗಲೇ ಹೋಗಿ ತರೋಣ."

ಆ ಪ್ಲಾಸ್ಟಿಕ್ಕು ಯಾರ ಕಣ್ಣಿಗೂ ಬೀಳಬಾರದೆಂದು, ಕಿತ್ತ ದಿನವೇ ಚೂರುಚೂರು ಕತ್ತರಿಸಿ ಬೀದಿಯ ಕಸದ ಡ್ರಮ್ಮಿಗೆ ಹಾಕಿದ್ದೆ. ಅವಳಿಗೆ ಅದೊಂದನ್ನು ಹೇಳಿರಲಿಲ್ಲ.

ಅವಳು ಆಗಲೇ ಟ್ಯಾಕ್ಸಿ ನಿಲ್ಲಿಸಿ ಹತ್ತಿದ್ದಳು. ಹಿಂದಿನ ಸೀಟಿನಲ್ಲಿ ಪಕ್ಕಕ್ಕೆ ಸರಿದು ನನಗೆ ಜಾಗ ಮಾಡಿಕೊಟ್ಟಳು. ನಾನು ಬಾಗಿಲು ಹಿಡಿದುಕೊಂಡು ನಿಂತೇ ಇದ್ದೆ.